ಬಿಎಂಐ ಅನ್ನೋ ಹೊಗಳುಭಟ

ಬಿಎಂಐ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಟೀಕೆಗಳನ್ನ ನೀವೂ ಓದಿರ್ತೀರಿ. ಹೆಚ್ಚುಕಮ್ಮಿ ಎಲ್ಲವೂ ಒಂದೇ ಅಚ್ಚಿನವು. ಒಬ್ಬ ರಗ್ಬಿ ಆಟಗಾರನ ಫೋಟೊ, ಮೈತುಂಬ ಸ್ನಾಯು, ಬಿಎಂಐ 31. ‘ನೋಡಿ, ಈ ಸೂತ್ರದ ಪ್ರಕಾರ ಇವನಿಗೂ ಬೊಜ್ಜು!’ ಅನ್ನೋ ಒಂದು ಅಣಕ. ಕೊನೆಗೆ ‘ಸಂಖ್ಯೆಗಳನ್ನ ಮರೆತುಬಿಡಿ, ನಿಮ್ಮ ದೇಹವನ್ನ ಪ್ರೀತಿಸಿ’ ಅಂತ ಒಂದು ಸಮಾಧಾನ. ಈ ಟೀಕೆ ಸುಳ್ಳೇನಲ್ಲ. ಆದರೆ ವೈಟ್‌ಫೀಲ್ಡಿನಲ್ಲೋ ಮಾನ್ಯತಾದಲ್ಲೋ ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಮೇಲೆ ಕೂತು, ಎರಡು ಗಂಟೆ ಸಿಲ್ಕ್ ಬೋರ್ಡಿನಲ್ಲಿ ಕೂತು, ರಾತ್ರಿ ಹತ್ತಕ್ಕೆ ಸ್ವಿಗ್ಗಿ ತರಿಸಿಕೊಂಡು ತಿನ್ನೋ ನಮ್ಮಲ್ಲಿ ಎಷ್ಟು ಜನಕ್ಕೆ ಸ್ವಾಮಿ ರಗ್ಬಿ ಆಟಗಾರನ ಸಮಸ್ಯೆ ಇರೋದು? ಎರವಲು ಟೀಕೆಯನ್ನ ಹಾಗೇ ನಂಬಿಕೊಂಡು, ‘ಬಿಎಂಐ ಎಲ್ಲ ಬೊಗಳೆ ಗುರು’ ಅಂತ ಆರಾಮಾಗಿ ಇದ್ದುಬಿಡೋರನ್ನ ನಾನು ಬಹಳ ನೋಡಿದ್ದೀನಿ. ಆ ಸೂತ್ರ ರಗ್ಬಿಯವನನ್ನ ಸುಮ್ಮಸುಮ್ಮನೆ ಬಯ್ಯತ್ತೆ, ಒಪ್ಪೋಣ. ನಮ್ಮ ವಿಷಯದಲ್ಲಿ ಅದು ಹೊಗಳುಭಟನ ಕೆಲಸ ಮಾಡತ್ತೆ. ಬಯ್ಯೋನಿಗಿಂತ ಇವನು ಅಪಾಯ.

ಇದಕ್ಕೆ ನಾನು ಕಂಡ ಅತ್ಯುತ್ತಮ ಪುರಾವೆ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಟಿಪ್ಪಣಿ. ಬರೆದೋರು ಇಬ್ಬರು ವೈದ್ಯರು, ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ ತದ್ವತ್ 22.3. ಯಾವ ಚಾರ್ಟು ನೋಡಿದರೂ ಹಸಿರು ಬಣ್ಣದಲ್ಲಿ ಬರುವ ಅಂಕಿ ಅದು. ಇಬ್ಬರೂ ಪಕ್ಕಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಆಮೇಲೆ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡರು. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1. ಯಾಜ್ಞಿಕ್ ಮೈಯಲ್ಲಿ ಶೇ. 21.2. ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ, ಒಂದೇ ಸಂಖ್ಯೆಯ ಕೆಳಗೆ! ಯುಡ್ಕಿನ್ ಮ್ಯಾರಥಾನ್ ಓಡೋರು. ಯಾಜ್ಞಿಕ್ ಓಡೋದು ಬೆಳಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚೋಕೆ ಮೊದಲು ಒಳಗೆ ನುಗ್ಗೋಕೆ ಮಾತ್ರ ಅಂತ ತಮ್ಮನ್ನ ತಾವೇ ಗೇಲಿ ಮಾಡಿಕೊಂಡಿದ್ದಾರೆ. ವೈದ್ಯಕೀಯ ಪತ್ರಿಕೆಯಲ್ಲಿ ಇಷ್ಟು ತಮಾಷೆ ಅಪರೂಪ. ಆದರೆ ಎಲ್ಲರೂ ಆ ಲಿಫ್ಟಿನ ಜೋಕನ್ನ ನೆನಪಿಟ್ಟುಕೊಂಡು, ಅದೇ ಟಿಪ್ಪಣಿಯ ಇನ್ನೊಂದು ಮಾತನ್ನ ಮರೀತಾರೆ. ಯಾಜ್ಞಿಕ್ ಹುಟ್ಟಿದಾಗ ಅವರ ತೂಕ ಕಡಿಮೆ ಇತ್ತು. ಅದಕ್ಕೆ ಮತ್ತೆ ಬರ್ತೀನಿ.

ಮೊದಲು ಈ ಸೂತ್ರ ಯಾರ ಹೆತ್ತ ಕೂಸು ಅಂತ ನೋಡೋಣ. ಕಿಲೋ ಲೆಕ್ಕದ ತೂಕವನ್ನ ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿ, ಅಷ್ಟೇ. ಇದನ್ನ ಕಂಡುಹಿಡಿದವನು ಡಾಕ್ಟರಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನೋ ಖಗೋಳಶಾಸ್ತ್ರಜ್ಞ, 1796ರಲ್ಲಿ ಹುಟ್ಟಿದವನು. ನಕ್ಷತ್ರಗಳ ಅಳತೆಯಲ್ಲಿ ಬರುವ ತಪ್ಪುಗಳನ್ನ ಸರಾಸರಿ ತೆಗೆದು ಸರಿಮಾಡೋ ಗಣಿತವನ್ನ ಅವನು ಮನುಷ್ಯರ ಮೇಲೆ ಪ್ರಯೋಗಿಸಿದ. 1835ರಲ್ಲಿ ಬಂದ ಅವನ ಪುಸ್ತಕದ ನಾಯಕ ‘ಸರಾಸರಿ ಮನುಷ್ಯ’. ವಯಸ್ಕರಲ್ಲಿ ತೂಕ ಸುಮಾರಾಗಿ ಎತ್ತರದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ ಅನ್ನೋದು ಅವನು ಕಂಡ ಒಂದು ಪ್ಯಾಟರ್ನ್. ಯಾರು ದಪ್ಪ, ಯಾರಿಗೆ ಕಾಯಿಲೆ ಬರತ್ತೆ ಅನ್ನೋದು ಅವನ ತಲೆಯಲ್ಲೇ ಇರಲಿಲ್ಲ. ಪಾಪ, ಅವನನ್ನ ಬೈದು ಪ್ರಯೋಜನವಿಲ್ಲ.

ಆಮೇಲೆ ಸುಮಾರು ನೂರು ವರ್ಷ ಅದು ಮೂಲೆಯಲ್ಲಿತ್ತು. ಅಮೆರಿಕದ ವಿಮಾ ಕಂಪನಿಗಳು ತಮ್ಮದೇ ಎತ್ತರ-ತೂಕದ ಟೇಬಲ್ಲುಗಳನ್ನ ಮಾಡಿಕೊಂಡಿದ್ದವು. ಸಣ್ಣ ಮೈಕಟ್ಟು, ಮಧ್ಯಮ, ದೊಡ್ಡದು ಅಂತ ಮೂರು ಕಾಲಂ. ಮೈಕಟ್ಟು ಸಣ್ಣದೋ ದೊಡ್ಡದೋ ಅಂತ ನಿರ್ಧರಿಸೋದು ಹೇಗೆ ಅನ್ನೋದೇ ಅಲ್ಲಿ ಗೊಂದಲ. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಏಳು ಸಾವಿರಕ್ಕೂ ಹೆಚ್ಚು ಜನರ ಅಳತೆಗಳನ್ನ ಹಿಡಿದು, ಚಾಲ್ತಿಯಲ್ಲಿದ್ದ ಸೂತ್ರಗಳನ್ನೆಲ್ಲ ಹೋಲಿಸಿ, ಕೆಟ್ಲೆಯದ್ದನ್ನ ಆರಿಸಿ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಅಂತ ನಾಮಕರಣ ಮಾಡಿದರು. ಅಮೆರಿಕ, ಫಿನ್ಲೆಂಡ್, ಇಟಲಿ, ಜಪಾನ್, ದಕ್ಷಿಣ ಆಫ್ರಿಕಾ, ಹೀಗೆ ಐದು ದೇಶ. ಎಲ್ಲರೂ ಗಂಡಸರು. ಭಾರತೀಯರು ಇಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಕೀಸ್ ಮಾತ್ರ ಜಂಬ ಕೊಚ್ಚಿಕೊಂಡಿರಲಿಲ್ಲ. ಇದು ಪೂರ್ತಿ ತೃಪ್ತಿ ಕೊಡುವಂಥದ್ದಲ್ಲ, ಉಳಿದವುಗಳಿಗಿಂತ ಕಡೆಯೇನಲ್ಲ ಅನ್ನೋ ಧಾಟಿ ಅವರದು. ಆ ವಿನಯ ಪೇಪರಿನಲ್ಲೇ ಉಳೀತು, ಸೂತ್ರ ಮಾತ್ರ ಪ್ರಪಂಚ ಸುತ್ತಿತು.

ಗೆರೆಗಳನ್ನ ಎಳೆದದ್ದೂ ಮನುಷ್ಯರೇ, ಸಮಿತಿಗಳಲ್ಲಿ ಕೂತು. 1998ರಲ್ಲಿ ಅಮೆರಿಕ ಅತಿತೂಕದ ಗೆರೆಯನ್ನ ಗಂಡಸರಿಗೆ 27.8, ಹೆಂಗಸರಿಗೆ 27.3 ಇದ್ದದ್ದರಿಂದ ಇಬ್ಬರಿಗೂ 25ಕ್ಕೆ ಇಳಿಸಿತು. ಎರಡೂವರೆ ಕೋಟಿಗೂ ಹೆಚ್ಚು ಜನ ಒಂದು ಗ್ರಾಂ ಕೂಡ ಏರದೆ ರಾತ್ರೋರಾತ್ರಿ ‘ಓವರ್‌ವೇಟ್’ ಆದರು. ನಮ್ಮ ಕಡೆ 2009ರಲ್ಲಿ ಭಾರತೀಯ ತಜ್ಞರು ಸೇರಿ, ನಮಗೆ 23 ದಾಟಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು ಅಂತ ಬೇರೆ ಗೆರೆ ಹಾಕಿದರು. ನನ್ನ ಎತ್ತರ 169 ಸೆಂಟಿಮೀಟರ್, ತೂಕ 66 ಕಿಲೋ. ಬಿಎಂಐ 23.1. ಅಂದರೆ ಜಿನೀವಾದಲ್ಲಿ ನಾನು ನಾರ್ಮಲ್, ದೆಹಲಿಯಲ್ಲಿ ಓವರ್‌ವೇಟ್. ಫೋನಿನಲ್ಲಿರೋ ಆ್ಯಪಿಗೆ ಮಾತ್ರ ನಾನು ಯಾವಾಗಲೂ ಹಸಿರು, ಯಾಕಂದರೆ ಅದರ ಒಳಗಿರೋದು 25ರ ಗೆರೆ. ನಿಮ್ಮ ಆ್ಯಪಿನಲ್ಲಿ, ನಿಮ್ಮ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಯಾವ ಗೆರೆ ಇದೆ ಅಂತ ಒಮ್ಮೆ ನೋಡಿ. ಬಹಳ ರಿಪೋರ್ಟುಗಳು ಅದನ್ನ ಎಲ್ಲೋ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿರ್ತವೆ.

ಗೆರೆ ಬದಲಿಸಿದರೆ ಸಾಕಲ್ಲ ಅಂತ ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ಯಾಜ್ಞಿಕರದ್ದು 22.3, 23ಕ್ಕಿಂತಲೂ ಕಮ್ಮಿ. ಗೆರೆ ಎಲ್ಲಿ ಎಳೆದರೂ ಅದು ತೂಕದ ಗೆರೆ. ಆ ತೂಕ ಯಾವುದರದ್ದು, ಮೈಯಲ್ಲಿ ಎಲ್ಲಿದೆ ಅನ್ನೋದನ್ನ ಹೇಳಲ್ಲ. ತೊಡೆಯ ಚರ್ಮದ ಕೆಳಗಿರೋ ಕೊಬ್ಬು ಒಂದು ಥರ, ಹೊಟ್ಟೆಯೊಳಗೆ ಕರುಳು-ಲಿವರ್‌ಗಳ ಸುತ್ತ ಸೇರಿಕೊಳ್ಳೋ ಕೊಬ್ಬು ಇನ್ನೊಂದು ಥರ. ಎರಡನೆಯದು ಇನ್ಸುಲಿನ್ ಮಾತು ಕೇಳದ ಹಾಗೆ ದೇಹವನ್ನ ಹಾಳುಮಾಡತ್ತೆ. ತಕ್ಕಡಿಗೆ ಎರಡೂ ಒಂದೇ.

ನಮ್ಮ ಟೀಮಿನಲ್ಲೇ ಒಬ್ಬ ಇದ್ದಾನೆ, ಮೂವತ್ತೈದು ವಯಸ್ಸು. ಕೈಕಾಲು ಸಣ್ಣ, ಕಾಲರ್ ಸೈಜು ಕಾಲೇಜಿನಲ್ಲಿ ಇದ್ದದ್ದೇ. ಶರ್ಟು ಇನ್ ಮಾಡಲ್ಲ, ಅದೊಂದೇ ಸುಳಿವು. ವರ್ಷವರ್ಷ ಕಂಪನಿ ಮಾಡಿಸೋ ಚೆಕಪ್ಪಿನಲ್ಲಿ ಮೊದಲ ಪುಟದಲ್ಲೇ ‘ಬಿಎಂಐ 22.4, ನಾರ್ಮಲ್’ ಅಂತ ಹಸಿರು ವೃತ್ತದಲ್ಲಿ ಬರೋದು. ಅವನು ಅಲ್ಲಿಗೇ ಪಿಡಿಎಫ್ ಮುಚ್ಚಿಬಿಡೋನು. ಹೋದ ವರ್ಷ ಕಣ್ಣು ಮಂಜಾಗತ್ತೆ ಅಂತ ಕನ್ನಡಕದ ಅಂಗಡಿಗೆ ಹೋದವನನ್ನ ಅವರು ಡಾಕ್ಟರ ಹತ್ತಿರ ಕಳಿಸಿದರು. ಎಚ್‌ಬಿಎ1ಸಿ 8.4. ಹಳೇ ರಿಪೋರ್ಟು ತೆಗೆದು ನೋಡಿದರೆ, ಎರಡು ವರ್ಷದ ಹಿಂದೆಯೇ ಮೂರನೇ ಪುಟದಲ್ಲಿ 6.7 ಅಂತ ಕೆಂಪಕ್ಷರದಲ್ಲಿ ಇದೆ! ಅವರಮ್ಮ ಫೋನಿನಲ್ಲಿ ಅತ್ತರಂತೆ, ‘ಇಷ್ಟು ಸಣ್ಣಗಿದೀಯ, ನಿನಗೆ ಯಾಕೋ ಸಕ್ಕರೆ ಕಾಯಿಲೆ’ ಅಂತ. ಆ ಲ್ಯಾಬಿನವರು ಸುಳ್ಳು ಹೇಳಿರಲಿಲ್ಲ. ಮೊದಲ ಪುಟಕ್ಕೆ ಯಾವ ಸಂಖ್ಯೆ, ಮೂರನೇ ಪುಟಕ್ಕೆ ಯಾವ ಸಂಖ್ಯೆ ಅಂತ ತೀರ್ಮಾನಿಸಿದ್ದರು, ಅಷ್ಟೇ. ಎಡವಟ್ಟು ಆಗಿರೋದು ಅಲ್ಲೇ.

ಸಣ್ಣಗಿರೋರಿಗೆ ಹೀಗೆ ಯಾಕಾಗತ್ತೆ ಅನ್ನೋದಕ್ಕೆ ಒಂದು ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಾಚೆಗೆ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನ ಅಲ್ಲಿನವರು ಜೋಪಾನವಾಗಿ ಬರೆದಿಟ್ಟಿದ್ದರು. ಆ ಹಳೇ ದಾಖಲೆಗಳನ್ನ ಹಿಡಿದು ಸಂಶೋಧಕರು, ಇನ್ನೂ ಆಸುಪಾಸಿನಲ್ಲೇ ಇದ್ದ ಐನೂರಕ್ಕೂ ಹೆಚ್ಚು ಜನರನ್ನ ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಕಡಿಮೆ ತೂಕ ಇದ್ದವರಲ್ಲೇ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳ ಮೇಲೆ ಮತ್ತೊಂದು ಅಧ್ಯಯನ ನಡೀತು. ಬ್ರಿಟನ್ನಿನ ಶಿಶುಗಳ ಪಕ್ಕ ಇಟ್ಟರೆ ನಮ್ಮವು ಎಲ್ಲ ಅಳತೆಯಲ್ಲೂ ಚಿಕ್ಕವು, ಆದರೆ ಬೆನ್ನಿನ ಮೇಲೆ, ಭುಜದ ಮೂಳೆಯ ಕೆಳಗೆ ಹಿಡಿದು ನೋಡೋ ಚರ್ಮದ ಮಡಿಕೆ ಮಾತ್ರ ಆ ಪ್ರಮಾಣದಲ್ಲಿ ತೆಳ್ಳಗಿರಲಿಲ್ಲ. ಸ್ನಾಯುವಿನಲ್ಲಿ ಬಡವಾಗಿ, ಕೊಬ್ಬನ್ನ ಕಾಪಾಡಿಕೊಂಡು ಹುಟ್ಟಿದ ಕೂಸುಗಳು. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಯಾಜ್ಞಿಕ್ ತಂಡ ಕಂಡದ್ದೂ ಇದನ್ನೇ. ಅಲ್ಲಿನ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು 3.5. ಅಜ್ಜಿ, ಅಮ್ಮ ಹೊಟ್ಟೆಗಿಲ್ಲದೆ ಕಳೆದ ದಿನಗಳು ಮೊಮ್ಮಗನ ಹೊಟ್ಟೆಯ ಸುತ್ತ ಕೂತಿರೋದು ಸಾಧ್ಯ. ಅವನು ಇವತ್ತು ಪನೀರ್ ಬಟರ್ ಮಸಾಲೆ ತಿಂತಾ ಇದ್ದಾನೆ ಅನ್ನೋದು ಕಥೆಯ ಅರ್ಧ ಮಾತ್ರ. ದಪ್ಪಗಾಗೋದು ಸೋಮಾರಿತನ, ಸಣ್ಣಗಿರೋದು ಶಿಸ್ತು ಅನ್ನೋ ನಮ್ಮ ಎಚ್‌ಆರ್ ನೀತಿಶಾಸ್ತ್ರಕ್ಕೆ ಇದು ಅರಗಿಸಿಕೊಳ್ಳಲಾಗದ ವಿಷಯ.

ಎಚ್‌ಆರ್ ಅಂದ ಮೇಲೆ ತೂಕ ಇಳಿಸೋ ಸ್ಪರ್ಧೆ ಬಗ್ಗೆ ಹೇಳಲೇಬೇಕು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಪ್ರತಿ ಜನವರಿ ಅದು ನಡೀತಿತ್ತು. ಎಂಟು ವಾರ, ಶೇಕಡಾವಾರು ಲೆಕ್ಕದಲ್ಲಿ ಯಾರು ಹೆಚ್ಚು ಇಳಿಸ್ತಾರೋ ಅವರಿಗೆ ಸ್ಮಾರ್ಟ್‌ವಾಚು. ಗೆದ್ದವನ ರಹಸ್ಯ ಎಲ್ಲರಿಗೂ ಗೊತ್ತಿತ್ತು: ಮೊದಲ ದಿನ ತೂಕಕ್ಕೆ ನಿಲ್ಲೋಕೆ ಮುಂಚೆ ಬಿರಿಯಾನಿ ಮತ್ತು ಎರಡು ಲೀಟರ್ ನೀರು, ಕೊನೇ ದಿನ ಉಪವಾಸ. ಇದನ್ನ ಮೋಸ ಅಂತ ಬೈಯೋಕೆ ನನಗೆ ಮನಸ್ಸಿಲ್ಲ. ಅಳೆಯೋದು ಕಿಲೋ ಆದರೆ ಕಿಲೋ ಇಳಿಸೋ ದಾರಿ ಹುಡುಕೋದು ಜಾಣತನವೇ. ಅನ್ನ-ಚಪಾತಿ ಬಿಟ್ಟ ಮೊದಲ ವಾರ ಮೂರು ಕಿಲೋ ಇಳೀತು ಅಂತ ಕುಣಿದಾಡ್ತೀವಲ್ಲ, ಅದರಲ್ಲಿ ಬಹುಪಾಲು ನೀರು. ಸ್ನಾಯು, ಲಿವರ್‌ಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನ ಹಿಡಿದುಕೊಂಡಿರತ್ತೆ. ಅದು ಖರ್ಚಾದಾಗ ನೀರೂ ಹೋಗತ್ತೆ. ಯುಗಾದಿ ದಿನ ಎರಡು ಹೋಳಿಗೆ ತಿಂದರೆ ವಾಪಸ್ ಬರೋದೂ ಅದೇ ನೀರು.

ಆದರೆ ನಿಜವಾದ ನಷ್ಟ ಆಮೇಲೆ ಶುರುವಾಗೋದು. ವಿಚಿತ್ರ ಏನಂದರೆ ಇದನ್ನ ತೋರಿಸಿಕೊಟ್ಟವನೂ ಅದೇ ಕೀಸ್. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಮಿನ್ನೆಸೋಟಾದಲ್ಲಿ ಅವರು 36 ಜನ ಸ್ವಯಂಸೇವಕರನ್ನ ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟಿದ್ದರು. ತೂಕದ ಕಾಲು ಭಾಗ ಕರಗಿತು. ಆ ಗಂಡಸರು ಹಗಲೂ ರಾತ್ರಿ ಊಟದ್ದೇ ಧ್ಯಾನ ಮಾಡೋಕೆ ಶುರುಮಾಡಿದರು, ಅಡುಗೆ ಪುಸ್ತಕ ಕೂಡಿಡೋಕೆ ಶುರುಮಾಡಿದರು. ಮತ್ತೆ ಊಟ ಕೊಟ್ಟಾಗ ಕೊಬ್ಬು ಬೇಗ ಬೇಗ ವಾಪಸ್ ಬಂತು, ಸ್ನಾಯು ನಿಧಾನಕ್ಕೆ. ಈಗ ಲೆಕ್ಕ ಹಾಕಿ. ಸ್ಪರ್ಧೆಯಲ್ಲಿ ಎಂಟು ಕಿಲೋ ಇಳಿಸಿದೆ, ಅದರಲ್ಲಿ ಒಂದಿಷ್ಟು ಸ್ನಾಯು. ದೀಪಾವಳಿ ಹೊತ್ತಿಗೆ ಎಂಟೂ ವಾಪಸ್, ಆದರೆ ಈ ಸಲ ಕೊಬ್ಬಿನ ಪಾಲು ಜಾಸ್ತಿ. ಬಿಎಂಐ ಜನವರಿಯಲ್ಲಿ ಎಷ್ಟಿತ್ತೋ ಅಷ್ಟೇ. ಸೂತ್ರದ ಪ್ರಕಾರ ಏನೂ ಆಗಿಲ್ಲ! ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಶೋನಲ್ಲಿ ಭಾಗವಹಿಸಿದ 14 ಜನರನ್ನ ಆರು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಬಹುತೇಕರಿಗೆ ತೂಕ ಸಾಕಷ್ಟು ವಾಪಸ್ ಬಂದಿತ್ತು, ಆದರೂ ಸುಮ್ಮನೆ ಕೂತಾಗ ದೇಹ ಸುಡುವ ಕ್ಯಾಲರಿ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕಮ್ಮಿಯೇ ಇತ್ತು. ನಮ್ಮ ಆಫೀಸುಗಳು ಕಾಪಿ ಹೊಡೆದದ್ದು ಅದೇ ಶೋನ ಹೆಸರನ್ನ. ಆ ಅಧ್ಯಯನವನ್ನ ಯಾರೂ ಕಾಪಿ ಹೊಡೀಲಿಲ್ಲ.

ಹಾಗಾದರೆ ಮನೆಗೆ ಒಂದು ಸ್ಮಾರ್ಟ್ ತಕ್ಕಡಿ ತಂದರೆ ಕೊಬ್ಬೆಷ್ಟು ಸ್ನಾಯುವೆಷ್ಟು ಗೊತ್ತಾಗಲ್ವಾ? ಆಗತ್ತೆ, ಗಿಣಿಶಾಸ್ತ್ರದಷ್ಟು. ಪಾದದಿಂದ ಪಾದಕ್ಕೆ ಸಣ್ಣ ಕರೆಂಟು ಹಾಯಿಸಿ, ಅಡ್ಡಿ ಎಷ್ಟಿದೆ ನೋಡಿ, ಉಳಿದದ್ದನ್ನ ಊಹೆ ಮಾಡೋ ಯಂತ್ರ ಅದು. ನೀರು ಕುಡಿದಿದ್ದೀರಾ, ಬೆವರಿದ್ದೀರಾ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ. ತಿಂಗಳುಗಟ್ಟಲೆ ಒಂದೇ ಹೊತ್ತಿಗೆ ನಿಂತು ನೋಡಿದರೆ ಯಾವ ಕಡೆ ಹೋಗ್ತಿದ್ದೀವಿ ಅನ್ನೋದು ಸಿಗಬಹುದು. ಅದರ ದಶಮಾಂಶಗಳನ್ನ ಗಂಭೀರವಾಗಿ ತಗೋಬೇಡಿ.

ನ್ಯಾಯವಾಗಿ ಹೇಳಬೇಕಂದರೆ ಬಿಎಂಐನಿಂದ ಉಪಕಾರವೂ ಆಗಿದೆ. ಒಂದು ತಕ್ಕಡಿ, ಒಂದು ಅಳತೆಕೋಲು ಹಿಡಿದು ಹಳ್ಳಿಹಳ್ಳಿಗೆ ಹೋಗಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 18.5ಕ್ಕಿಂತ ಕೆಳಗಿನವರ ಸಂಖ್ಯೆ ನೋಡಿಯೇ ನಮಗೆ ಯಾವ ಜಿಲ್ಲೆಯ ಹೆಂಗಸರು ಹೊಟ್ಟೆಗಿಲ್ಲದೆ ಇದ್ದಾರೆ ಅಂತ ಗೊತ್ತಾಗೋದು. ಲಕ್ಷ ಜನರ ಬಗ್ಗೆ ಮಾತಾಡೋವಾಗ ಅದು ಒಳ್ಳೇ ಸೇವಕ; ಕೆಟ್ಲೆ ಕೂಡ ಅದಕ್ಕೇ ಮಾಡಿದ್ದು. ಒಬ್ಬ ಮನುಷ್ಯನ ರಿಪೋರ್ಟಿನ ಮೊದಲ ಪುಟಕ್ಕೆ ಅದನ್ನ ಹತ್ತಿಸಿದ್ದು ನಾವು. ಗುಂಪಿನ ಲೆಕ್ಕದಲ್ಲೂ ಅದಕ್ಕೆ ಕಾಣದ್ದು ಎಷ್ಟಿದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ ತೋರಿಸತ್ತೆ. ಬಿಎಂಐ 25ರ ಗೆರೆ ಹಾಕಿದರೆ ದೇಶದ ವಯಸ್ಕರಲ್ಲಿ ಶೇ. 28.6 ಜನಕ್ಕೆ ಬೊಜ್ಜು. ಸೊಂಟಕ್ಕೆ ಟೇಪು ಹಿಡಿದರೆ ಶೇ. 39.5. ನಡುವೆ ಇರೋ ಆ ಹೆಚ್ಚುಕಮ್ಮಿ ಹನ್ನೊಂದು ಶೇಕಡಾ ಅಂದರೆ ಕೋಟಿಗಟ್ಟಲೆ ಜನ.

ದುಡ್ಡು ಮತ್ತು ಔಷಧದ ಬಾಗಿಲು ಕಾಯೋದು ಈಗಲೂ ಇದೇ ಸಂಖ್ಯೆ. ಆರೋಗ್ಯ ವಿಮೆಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಂದರೆ ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆ ಗಂಭೀರ ಕಾಯಿಲೆ ಇರಬೇಕು. 2025ರಲ್ಲಿ ಇಲ್ಲಿಗೆ ಬಂದ ಮೌಂಜಾರೊ, ವೆಗೊವಿ ಚುಚ್ಚುಮದ್ದುಗಳಿಗೆ ತೂಕ ಇಳಿಸೋ ಲೆಕ್ಕದಲ್ಲಿ 30, ಇಲ್ಲವೇ ಇನ್ನೊಂದು ಕಾಯಿಲೆಯ ಜೊತೆ 27. ಪಶ್ಚಿಮದ ಗೆರೆಗಳೇ, ನಮ್ಮ 25 ಅಲ್ಲಿ ಲೆಕ್ಕಕ್ಕಿಲ್ಲ. ಆ ಮದ್ದುಗಳಿಂದ ಇಳಿಯೋ ತೂಕದಲ್ಲೂ ಒಂದು ಪಾಲು ಸ್ನಾಯುವೇ. ಮೊದಲೇ ಸ್ನಾಯುವಿನಲ್ಲಿ ಬಡವರಾದ ನಾವು ಅದನ್ನ ಕೇಳಿಕೊಳ್ಳದೆ ಬರೀ ಕಿಲೋ ಎಣಿಸ್ತಾ ಕೂತರೆ ಆಫೀಸಿನ ಸ್ಪರ್ಧೆಯನ್ನೇ ದುಬಾರಿ ಬೆಲೆಗೆ ಆಡಿದ ಹಾಗೆ. ಇದರ ನಡುವೆ ಒಂದು ಒಳ್ಳೇ ಬೆಳವಣಿಗೆ: ಅದೇ 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗವೊಂದು, ಬೊಜ್ಜನ್ನ ಬರೀ ಬಿಎಂಐನಿಂದ ತೀರ್ಮಾನಿಸಬೇಡಿ, ಸೊಂಟದಂಥ ಇನ್ನೊಂದು ಅಳತೆ ಸೇರಿಸಿ, ಅಂಗಾಂಗಗಳಿಗೆ ಹಾನಿ ಆಗಿದೆಯಾ ನೋಡಿ ಅಂತ ಹೇಳಿತು.

ಕನ್ನಡ ಈ ವಿಷಯದಲ್ಲಿ ಸೂತ್ರಕ್ಕಿಂತ ಮುಂದಿದೆ ಅಂತ ನನಗೆ ಆಗಾಗ ಅನ್ನಿಸತ್ತೆ. ‘ಕಟ್ಟುಮಸ್ತು’ ಬೇರೆ, ‘ಬೊಜ್ಜು’ ಬೇರೆ; ‘ಮೈಕೈ ತುಂಬಿಕೊಂಡಿದ್ದಾಳೆ’ ಬೇರೆ, ‘ಹೊಟ್ಟೆ ಬಂದಿದೆ’ ಬೇರೆ. ‘ನರಪೇತಲ’ನನ್ನ ಯಾರೂ ಫಿಟ್ ಅಂದುಕೊಳ್ಳಲ್ಲ. ಹಾಗಂತ ಅಜ್ಜಿ ಕಣ್ಣನ್ನೂ ಪೂರ್ತಿ ನಂಬೋ ಹಾಗಿಲ್ಲ, ಅವಳಿಗೆ ಹಾಸ್ಟೆಲಿನಿಂದ ಬಂದ ಮೊಮ್ಮಕ್ಕಳೆಲ್ಲ ಸೊರಗಿದೋರೇ! ಅವಳು ಕಟ್ಟಿದ ಉಡಿದಾರ ಮಾತ್ರ ನಂಬಿಕಸ್ಥ. ಚಿಕ್ಕಂದಿನಲ್ಲಿ ಅದು ಬಿಗಿಯಾದರೆ ಗಂಟು ಸಡಿಲಿಸಿ ಕಟ್ಟೋರು. ಬೆಂಗಳೂರಿಗೆ ಬಂದ ಮೇಲೆ ನಾವು ಕತ್ತರಿಸಿ ಬಿಸಾಕಿದೆವು, ಜಾಗಕ್ಕೆ ಎಲಾಸ್ಟಿಕ್ ಟ್ರ್ಯಾಕ್ ಪ್ಯಾಂಟ್ ಬಂತು. ವರ್ಕ್ ಫ್ರಂ ಹೋಮಿನ ಎರಡು ವರ್ಷ ಎಲಾಸ್ಟಿಕ್ ಯಾರಿಗೂ ಏನೂ ಹೇಳಲಿಲ್ಲ.

ಸೊಂಟದ ಅಳತೆಗೂ ಮಿತಿ ಇದೆ; ಹೊಟ್ಟೆಯ ಒಳಗಿನ ಕೊಬ್ಬು, ಹೊರಗಿನದ್ದು ಅಂತ ಟೇಪು ಬೇರೆ ಮಾಡಲ್ಲ. ಟೇಪನ್ನ ಎಳೆದು ಬಿಗಿ ಹಿಡಿದರೆ ಅದೂ ಹೊಗಳುಭಟ ಆಗಿಬಿಡತ್ತೆ. ಆದರೂ ಹತ್ತು ರೂಪಾಯಿ ದರ್ಜಿ ಟೇಪಿಗೆ ಇಷ್ಟು ಮಾಹಿತಿ ಬೇರೆಲ್ಲೂ ಸಿಗಲ್ಲ. ಅಳೆಯೋದು ಪ್ಯಾಂಟು ನಿಲ್ಲೋ ಜಾಗದಲ್ಲಲ್ಲ, ನಾವು ಪ್ಯಾಂಟನ್ನ ಹೊಟ್ಟೆಯ ಕೆಳಗೆ ಇಳಿಸಿಕೊಂಡಿರ್ತೀವಿ. ಪಕ್ಕೆಲುಬಿನ ಕೊನೆ ಒಂದು ಕಡೆ, ಸೊಂಟದ ಮೂಳೆಯ ಮೇಲಂಚು ಇನ್ನೊಂದು ಕಡೆ, ಎರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಹೊಟ್ಟೆ ಒಳಗೆ ಎಳ್ಕೋಬೇಡಿ. ಸಹಜವಾಗಿ ಉಸಿರು ಬಿಟ್ಟು ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅನ್ನೋದು ಎಚ್ಚರಿಕೆಯ ಗೆರೆ. ಇದೂ ನೆನಪಿರಲ್ಲ ಅಂದರೆ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೇಳಿದ ಲೆಕ್ಕ ಸುಲಭ: ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ. ಟೇಪು ಇಲ್ಲದಿದ್ದರೆ ಒಂದು ದಾರವನ್ನ ನಿಮ್ಮ ಎತ್ತರಕ್ಕೆ ಕತ್ತರಿಸಿ, ಮಧ್ಯಕ್ಕೆ ಮಡಚಿ, ಸೊಂಟಕ್ಕೆ ಸುತ್ತಿ ನೋಡಿ ತುದಿ ಮುಟ್ಟತ್ತಾ ಅಂತ. ನನ್ನದು ಎರಡು ಬೆರಳು ಸಾಲಲಿಲ್ಲ. ನಮ್ಮ ಟೀಮಿನ ಆ ಹುಡುಗನದ್ದು, 22.4ರವನದ್ದು, ಒಂದು ಗೇಣು.